ಆಲಿಚೂರಿಗೆ ಕಲ್ಲಿದ್ದಲು

ಮುರ್ಗಾಬಿನ ಗ್ಯಾರೇಜಿಗೆ ಬಾಗಿಲಿಲ್ಲ.
ಎರಡು ಹಳೇ ಕಂಟೇನರು, ನಡುವೆ ಹಾಸಿದ ತಗಡು, ಅಷ್ಟೆ.
ಅದರೆದುರು ನಿಂತಿದೆ ಕಮಾಜ್ ಲಾರಿ,
ನನಗಿಂತ ಹನ್ನೊಂದು ವರ್ಷ ದೊಡ್ಡದು;
ಬೆನ್ನ ಮೇಲೆ ನಮ್ಮ ಶಾಲೆಯ ಇಡೀ ಚಳಿಗಾಲ,
ಆರು ಟನ್ ಕಲ್ಲಿದ್ದಲು.
ಕೀಲಿ ತಿರುವಿದರೆ ಗರಗರ ಸುತ್ತುತ್ತದೆ,
ಹತ್ತಿಕೊಳ್ಳುವುದಿಲ್ಲ.

ಡ್ರೈವರನ ಹೆಸರು ಚೋರ್‌ಶಂಬೆ. ಬುಧವಾರ ಎಂದರ್ಥ.
ಹುಟ್ಟಿದ ದಿನವನ್ನೇ ಹೆಸರಾಗಿ ಹೊತ್ತವನು
ಈ ಭಾನುವಾರ ಬೆಳಿಗ್ಗೆ ಎಲ್ಲರನ್ನೂ ಬೈದ:
ಬ್ಯಾಟರಿಯನ್ನು, ಓಶ್‌ನಲ್ಲಿ ಡೀಸೆಲ್ ಮಾರಿದವನನ್ನು,
ಈ ಲಾರಿಯನ್ನು ತನ್ನ ಕೊರಳಿಗೆ ಕಟ್ಟಿದ ಭಾವಮೈದುನನನ್ನು.
ಮಾಮತ್‌ಕೆರಿಂ ಅಜ್ಜ ಕೈಯಲ್ಲಿದ್ದ ಚಹಾ ಮುಗಿಸಿದ.
"ಬೈದಾಯಿತೇ? ಇನ್ನು ಸುಮ್ಮನಿರು. ಅದು ಹೇಳಲಿ."

ಅಜ್ಜನಿಗೆ ಒಂದು ಕಿವಿ ಕೇಳದು. ಕಬ್ಬಿಣದ ಸಲಾಕಿಯ
ಒಂದು ತುದಿ ಇಂಜಿನ್ನಿಗೆ, ಇನ್ನೊಂದು ಹಲ್ಲಿಗೆ.
"ತಿರುವು."
ಗರಗರ.
"ಬ್ಯಾಟರಿ ಗಟ್ಟಿಯಿದೆ, ಅದರ ಮೇಲೆ ಗೂಬೆ ಕೂರಿಸಬೇಡ."
ಹೊಗೆ ನೋಡಲು ನನ್ನನ್ನು ಹಿಂದಕ್ಕೆ ಕಳಿಸಿದ.
"ಯಾವ ಬಣ್ಣ, ಟೀಚರ್?"
ಬಣ್ಣವಿಲ್ಲ, ಹೊಗೆಯೇ ಇಲ್ಲ ಎಂದೆ.
"ಹಾಗಾದರೆ ಹಸಿದಿದೆ. ಉಣ್ಣದವನು ತೇಗುತ್ತಾನೆಯೇ?"

ರಾತ್ರಿ ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ ಹೋಗಿತ್ತು.
ಟ್ಯಾಂಕಿನೊಳಗೆ ಡೀಸೆಲ್ಲು
ಯಾಕಿನ ತುಪ್ಪದ ಹಾಗೆ ಹೆಪ್ಪುಗಟ್ಟಿತ್ತು.
ಕೆಳಗೊಂದು ಬಾಣಲೆ ಕೆಂಡ ಇಟ್ಟೆವು, ತೆರೆಸ್ಕೆನ್ ಬೇರಿನದು.
ಈ ಬೋಳು ನೆಲದಲ್ಲಿ ಮೊಣಕಾಲೆತ್ತರ ಏಳಲು
ಅದಕ್ಕೆ ಎಷ್ಟು ವರ್ಷ ಬೇಕೋ,
ಉರಿದು ಮುಗಿಯಲು ಮುಕ್ಕಾಲು ಗಂಟೆ.
ಕರಗಿತು.
ಆದರೂ ಗರಗರ.

ಆಮೇಲೆ ಕೈಪಂಪು. ಚೋರ್‌ಶಂಬೆ ಒತ್ತಿದ, ಒತ್ತಿದ,
ಅಜ್ಜ ಫಿಲ್ಟರಿನ ನಟ್ಟು ಅರ್ಧ ಸುತ್ತು ಸಡಿಲಿಸಿದ,
ನಾನು ಟಾರ್ಚು ಹಿಡಿದೆ. ಕಂಡದ್ದು ನೊರೆ.
ಆಗಷ್ಟೇ ಕರೆದ ಹಾಲಿನಂಥ ನೊರೆ, ವಾಸನೆ ಮಾತ್ರ ಬೇರೆ.
"ಗಾಳಿ," ಎಂದ ಅಜ್ಜ ಮೆಲ್ಲಗೆ,
ಪರಿಚಯದ ಕಳ್ಳನ ಹೆಸರು ಹೇಳುವಂತೆ.

ಎಣ್ಣೆ ಹೊರಗೆ ಸೋರಿದರೆ ಕಲೆ ಬೀಳುತ್ತದೆ,
ನೆಲ ಹೇಳುತ್ತದೆ, ಅಂಗಿ ಹೇಳುತ್ತದೆ.
ಗಾಳಿ ಒಳಗೆ ಸೋರುತ್ತದೆ.
ಎಲ್ಲಿ ಅಂತ ಹುಡುಕುತ್ತೀ?

ಅಜ್ಜ ತನ್ನ ಗಡ್ಡದ ಸೋಪು ತಂದ,
ಬಿಸಿನೀರಲ್ಲಿ ಕಲಸಿ ಪೈಪಿನ ಒಂದೊಂದು ಸಂದಿಗೂ ಬಳಿದ,
ಮದುಮಗನಿಗೆ ಕ್ಷೌರ ಮಾಡುವವನ ಶ್ರದ್ಧೆಯಿಂದ.
"ಒತ್ತು."
ಐದನೆಯ ಸಂದಿಯಲ್ಲಿ ನೊರೆ
ಸಣ್ಣ ಕುಳಿಬಿದ್ದು ಒಳಗೆ ಹೋಯಿತು,
ನಗು ತಡೆದಾಗ ಕೆನ್ನೆಯಲ್ಲಿ ಬೀಳುವ ಹಾಗೆ.

ಒಂದು ತಾಮ್ರದ ವಾಷರ್. ಉಂಗುರದಷ್ಟೂ ಇಲ್ಲ.
ಹೊಸದು ಓಶ್‌ನಲ್ಲಿ ಸಿಗುತ್ತದೆ;
ಓಶ್‌ಗೆ ಹೋಗಲು ಲಾರಿ ಬೇಕು.
ಅಜ್ಜ ಅದನ್ನು ತಂತಿಗೆ ಪೋಣಿಸಿ ಕೆಂಡದಲ್ಲಿಟ್ಟ,
ಕೆಂಪಗಾದ ಮೇಲೆ ಆರಿದ ಚಹಾದಲ್ಲಿ ಅದ್ದಿದ. ಚುಂಯ್.
"ವರ್ಷಗಟ್ಟಲೆ ಒತ್ತಿಸಿಕೊಂಡು ಕಲ್ಲಾಗಿತ್ತು.
ಈಗ ಮೆತ್ತಗಾಗಿದೆ. ಯಾರ ಜೊತೆಗಾದರೂ ಹೊಂದಿಕೊಳ್ಳುತ್ತದೆ."
ಚೋರ್‌ಶಂಬೆ ಯಾಕೋ ಅತ್ತ ಹೋಗಿ
ಭಾವಮೈದುನನಿಗೆ ಫೋನು ಹಚ್ಚಿದ.
ಸಿಗ್ನಲ್ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಂತು ಬಿಳಿ ಹೊಗೆ.
ಒಂದು ಸಿಲಿಂಡರು, ತಡೆದು ಇನ್ನೊಂದು, ಆಮೇಲೆ
ಎಂಟೂ ಒಮ್ಮೆಗೇ ಜಗಳಕ್ಕೆ ಬಿದ್ದಂತೆ.
ತಗಡು ನಡುಗಿತು. ಮಲಗಿದ್ದ ನಾಯಿ ಎದ್ದು ಬೇರೆಡೆ ಹೋಯಿತು.
ದುಡ್ಡು ಬೇಡವೆಂದ ಅಜ್ಜ.
ಲಾರಿಯ ಬೆನ್ನಿನತ್ತ ನೋಡಿ, ನೋಡದವನಂತೆ,
ಒಂದು ಬಕೆಟ್ ಚಾಚಿದ.

ಆಲಿಚೂರು ಮುಟ್ಟುವವರೆಗೆ ಇಂಜಿನ್ ಆರಿಸಲಿಲ್ಲ.
ನಾನು ಲೆಕ್ಕ ಕಲಿಸುವವಳು. ಒಂದು ಬಕೆಟ್ ಎಂದರೆ
ಮೂರನೇ ತರಗತಿಗೆ ಒಂದು ಬೆಳಗಿನ ಕಾವು.
ತೊಡೆಯ ಮೇಲೆ ರಿಜಿಸ್ಟರು, ಕುಲುಕಾಟಕ್ಕೆ ಗೆರೆ ದಾಟುವ ಪೆನ್ನು.
ಕಡಿಮೆ ಬಿದ್ದದ್ದಕ್ಕೆ ಕಾರಣ ಎಂಬ ಖಾನೆಯಲ್ಲಿ
ಎರಡು ಕಣಿವೆ ದಾಟುವಷ್ಟು ಹೊತ್ತು ಯೋಚಿಸಿ
ಬರೆದೆ:
ದಾರಿಯಲ್ಲಿ ಸೋರಿತು.