ಕೈ ಹಚ್ಚಬ್ಯಾಡ್ರಿ

ರಾತ್ರಿ ಎರಡೂ ಹತ್ತಕ್ಕ ಖೈಸರ್ ಪಾಶಾನ ಫೋನು:
'ಮೇಡಂ, ಒಂದೂ ಫೋಟೋ ತೆರಿವಲ್ದು.
ಬಿಳಿ ಚಕ್ರ ತಿರಗತದ, ತಿರಗತದ, ಅಷ್ಟೇ.'
ಹಿಂದ ಯಾರೋ ನರಳೋ ದನಿ.
ಬೇಳೆ ಮಿಲ್ಲಿನ ಪಟ್ಟಾದಾಗ ಕೈ ಸಿಕ್ಕವ, ಮಾಳಿಂಗರಾಯ;
ಹೋದ ತಿಂಗಳ ಎಕ್ಸ್‌ರೇ ಬಾಜೂಕಿಟ್ಟು ನೋಡದೆ
ರಾಡು ಸರದದೋ ಇಲ್ಲೋ
ಹೇಳಲಿಕ್ಕಾಗದು ಅಂತಾರಂತ ಡಾಕ್ಟರ್ ಬಾಯಿ.

ಸ್ಕೂಟಿ. ಸೂಪರ್ ಮಾರ್ಕೆಟ್ ದಾಟೂತನ ನಾಯಿಗಳು.
ಮೇ ತಿಂಗಳು; ಒಲಿ ಆರಿದ ಮ್ಯಾಲಿನ ಹಂಚಿನಂಗ
ರಸ್ತೆ ಇನ್ನೂ ಹಗಲಿನ ಕಾವು ಬಿಟ್ಟಿಲ್ಲ.
ಗೇಟಿನಾಗ ಲಾಡ್ಲೆಸಾಬ್, ಬೀಗದ ಗೊಂಚಲು ಹಿಡಕೊಂಡು:
'ಹೊತ್ತು ಮುಳಗಿದಾಗಿಂದ ಮೂರು ಸಲ ಕರೆಂಟ್ ಹೋತು, ತಾಯಿ.'
ಆ ಮಾತು ಆಗ ನಾ ಕಿವಿಗೆ ಹಾಕ್ಕೊಳ್ಳಲಿಲ್ಲ.

ಸರ್ವರ್ ಖೋಲಿ ಮೊದಲು ಚಾದರು ಇಡೋ ಕೋಣೆ.
ಈಗೂ ಫಿನೈಲ್ ವಾಸನಿ,
ಎ.ಸಿ. ಕೆಳಗ ಬಕೀಟು.

ಪಟ್ಟಿ ಕೊಡು ಅಂದೆ. ಕೊಡಲಿಲ್ಲ.
ಎಷ್ಟು ಜಾಗ ಉಳದದ ಅಂತ ಕೇಳಿದೆ.
ಕರ್ಸರ್ ಮಿಣುಕ್ ಮಿಣುಕ್,
ಬಾಯಿಬಿಡದ ಸಾಕ್ಷಿ ರೆಪ್ಪೆ ಬಡದಂಗ.
ಹಳೆ ಬ್ಲಾಕಿನ ಸ್ಟೋರೇಜ್ ಡಬ್ಬಿಗೆ ಪಿಂಗ್ ಕಳಿಸಿದರ
ಓ ಅಂತದ, ಒಂದೇ ಮಿಲಿಸೆಕೆಂಡಿನಾಗ ಓ ಅಂತದ.
ಮನ್ಯಾಗ ಇದ್ದಾರ, ಬಾಗಿಲು ತೆಗಿವಲ್ರು.
ಕೇಬಲ್ ಬದಲಿಸಿದೆ. ಸ್ವಿಚ್ಚಿನ ಪೋರ್ಟ್ ಬದಲಿಸಿದೆ.
ನೇತುಬಿದ್ದ ಪ್ರೋಸೆಸ್ಸುಗಳನ್ನ ಕೊಂದೆ; ಸಾಯಲಿಲ್ಲ.
ಸಾಯಲಿಕ್ಕೂ ಆ ಡಬ್ಬಿಯ ಉತ್ತರ ಬೇಕಂತ, ಹಾಂಗೇ ಕುಂತಾವ.
ಕಡೀಕ ತೆರಿ ಮ್ಯಾಲ ಒಂದು ಸಾಲು:
ಹಿಡಿಕೆ ಹಳಸ್ಯಾದ.
ಹಳಸೋದು ಅನ್ನ ಅಲ್ಲೇನು?
ಬಾಗಿಲು ಕಿತ್ತು ಒಯ್ದ ಮ್ಯಾಲೂ
ಮುಷ್ಟಿಯೊಳಗ ಉಳದ ಹಿಡಿಕೆ ಅದು.

ಫೋಲ್ಡರಿನ ಹೆಸರು ಇನ್ನೂ ಗುಲಬರ್ಗಾ.
ಊರಿನ ಬೋರ್ಡೆಲ್ಲ ಬದಲಾಗಿ ಎಷ್ಟೋ ವರ್ಷ ಆತು,
ಇದಕ್ಕ ಯಾರೂ ಹೇಳಿಲ್ಲ.
ನಮ್ಮವ್ವಗೂ ಹೇಳಿಲ್ಲ; ಆಕಿ ಟಿಕೀಟು ಕೇಳೋದು ಹಾಂಗೇ,
ಕಂಡಕ್ಟರ್ ಕೊಡೋದು ಕಲಬುರಗಿದು,
ಒಮ್ಮೆಯೂ ಬ್ಯಾರೆ ಊರಿಗೆ ಇಳದಿಲ್ಲ ಆಕಿ.

ಡಿಸ್ಕಿಗೆ ಆ ದೊಡ್ಡ ಮನಸಿಲ್ಲ.
ಟಾರ್ಚ್ ಹಿಡದು ಹಳೆ ಬ್ಲಾಕಿಗೆ ಹೋದೆವು.
ಸ್ಪೇಸ್ ಕೀ ಸಡಲಾದ ಕೀಬೋರ್ಡು,
ಫೈಲ್ ತೆಗೆದರ ವೈಜನಾಥನ ಬರಹ.
ನನಗಿಂತ ಮೊದಲು ಇದೇ ಏಜೆನ್ಸಿ, ಇದೇ ಪಗಾರ;
ಎರಡು ದಿನ ಬೀದರಿಗೆ ಅಂತ ಹೋದವ ತಿರುಗಿ ಬರಲಿಲ್ಲ.
ಮೊದಲ ಸಾಲಿನಾಗ, ಇಂಗ್ಲಿಷ್ ಅಕ್ಷರದ ಕನ್ನಡ:
ಕೈ ಹಚ್ಚಬ್ಯಾಡ್ರಿ.
ಕೆಳಗ: ಬಿ ಅಂದ್ರ ಫೋಟೋ, ಸಿ ಅಂದ್ರ ನಕಲು.

ಬಿ ಈಗ ಬಿ ಅಲ್ಲ, ವೈಜನಾಥ.
ಕರೆಂಟ್ ಹೋಗಿ ಬಂದಾಗ
ಯಾವ ಡಿಸ್ಕ್ ಮೊದಲು ಕಣ್ಣು ಬಿಡತದೋ
ಅದು ಮೊದಲಿನ ಅಕ್ಷರ ತಗೋತದ,
ರೇಷನ್ ಸಾಲಿನಾಗ ಚಪ್ಪಲಿ ಇಟ್ಟು ಹೋದವರ
ಜಾಗ ಹೋದಂಗ.
ಮೂರು ಸಲ ಹೋತು, ತಾಯಿ.
ಹೇಳಿದ್ದನಲ್ಲ ಅವ, ಗೇಟಿನಾಗೇ.

ಎಲ್ಲಿ ಕುಂತರೂ ಬದಲಾಗದ ನಂಬರು ಒಂದು ಇರತದ ಡಿಸ್ಕಿಗೆ,
ಮೂವತ್ತೆರಡು ಅಕ್ಷರ, ಉಚ್ಚರಿಸಲಿಕ್ಕೆ ಬರದ್ದು.
ನಾ ಓದಿಕೋತ ಬಡದೆ, ಲಾಡ್ಲೆಸಾಬ್
ತಸ್ಬಿ ಎಣಿಸಿದಂಗ ಬೆರಳ ಗೆಣ್ಣಿನ ಮ್ಯಾಲ ಎಣಿಸಿದ.
'ಮೂವತ್ತೊಂದೇ ಆದವು.'
ಒಂದು ಸೊನ್ನೆ ನುಂಗಿದ್ದೆ. ಮತ್ತ ಮೊದಲಿಂದ.

ಮೂರೂ ನಲವತ್ತಕ್ಕ ಗುಲಬರ್ಗಾ ತೆರೀತು.
ಮೊದಲು ತಾರೀಖು, ಆಮ್ಯಾಲ ಎಲುಬು.
ಮಾಳಿಂಗರಾಯನ ಮುಂಗೈ: ಒಂದು ರಾಡು, ಆರು ಸ್ಕ್ರೂ,
ತೆಗಿಯಲಿಕ್ಕೆ ಬರದೆ ಉಳದ ಉಂಗುರ, ಅಪ್ಪಟ ಬಿಳಿ.
ಖೈಸರ್ ಪಾಶಾ 'ಬಂತು' ಅಂದ, ಫೋನ್ ಇಟ್ಟ.
ರಾಡು ಸರದಿತ್ತೋ ಇಲ್ಲೋ ನನಗ ಯಾರೂ ಹೇಳಲಿಲ್ಲ.

ಪರ್ಸಿನಾಗ ತಂಗಿಯ ನೇಲ್ ಪಾಲಿಶ್ ಇತ್ತು.
ನಾಕೂ ಟ್ರೇ ಮ್ಯಾಲ ಕಡೀ ನಾಕು ಅಂಕಿ ಬರದೆ,
ಕೆಂಪಗ, ಬಾಯಿಲೆ ಊದಿ ಒಣಗಿಸಿದೆ.
ವೈಜನಾಥನ ಸಾಲು ಅಳಿಸಲಿಕ್ಕೆ ಬೆರಳು ಇಟ್ಟೆ, ತೆಗೆದೆ.
ನನ್ನ ಕರಾರೂ ಆಗಸ್ಟಿಗೆ ಮುಗೀತದ.
ಅದರ ಕೆಳಗ, ಅವನಂಗೇ ಇಂಗ್ಲಿಷ್ ಅಕ್ಷರದಾಗ:
ಹಚ್ಚ್ರಿ. ಮೊದಲು ನಂಬರ್ ನೋಡ್ರಿ.
ಗೇಟಿನವರ ಮಾತು ಕೇಳ್ರಿ.