ಕುರುಡು ಅಡುಗೆಮನೆ

ನಮ್ಮ ವೂಚ್ ಊರಲ್ಲಿ ಅದಕ್ಕೆ ಹೆಸರೇ ಹಾಗೆ:
ಕುರುಡು ಅಡುಗೆಮನೆ.
ಎಂಟು ಮಹಡಿ, ಮಹಡಿಗೆ ಆರು ಮನೆ,
ಮನೆಗೊಂದು ಕಿಟಕಿಯಿಲ್ಲದ ಗೂಡು.
ಕಟ್ಟಿದವರಿಗೆ ಅವಸರವಿತ್ತು.
ಒಲೆಗೆ ಬೆಳಕೇಕೆ ಅಂದಿರಬೇಕು ಯಾರೋ,
ಒಮ್ಮೆಯೂ ಈರುಳ್ಳಿ ಹೆಚ್ಚದವನು.
ಗೋಡೆಯ ನೆತ್ತಿಯಲ್ಲಿ ಒಂದು ಗೇಣಿನ ಗಾಜು,
ಹಜಾರದ ಹಗಲನ್ನು ಕಡ ತರಲು.

ಗೋಡೆ ಒಡೆಯುವುದು ನನ್ನ ಕಸುಬು.
ಈ ಚಳಿಗಾಲಕ್ಕೆ ಇದು ಹನ್ನೊಂದನೆಯದು.
ಮೊದಲು ಬೆರಳ ಗೆಣ್ಣಿನಿಂದ ತಟ್ಟುತ್ತೇನೆ,
ಕಲ್ಲಂಗಡಿ ಕೊಳ್ಳುವವರ ಹಾಗೆ.
ಟೊಳ್ಳು.
ಇಂಜಿನಿಯರು ಮೊಹರೊತ್ತಿದ ಕಾಗದದಲ್ಲೂ ಅದೇ:
"ಈ ಗೋಡೆ ಯಾವ ಭಾರವನ್ನೂ ಹೊತ್ತಿಲ್ಲ."
ಬೊಗ್ನಾ ಕನ್ನಡಕ ಏರಿಸಿ ಎರಡು ಸಲ ಓದಿದಳು,
ಫಕ್ಕನೆ ನಕ್ಕಳು,
ನಗುತ್ತಲೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಳತೆಗೆಂದು ಗೋಡೆಗೆ ಒರಗಿದ್ದೆ, ಕೇಳಿಸಿತು.
ಪಾತ್ರೆ ಸದ್ದಿನ ಮರೆಯಲ್ಲಿ ಸಹಸ್ರನಾಮ:
ಗಂಡನಿಗೆ, ಗಂಡನ ತಂಗಿಗೆ,
ಪಿಂಚಣಿ ಆಫೀಸಿನ ಗಾಜಿನ ಹಿಂದಿನವನಿಗೆ,
ತಳ ಹಿಡಿದ ಗಂಜಿಗೆ.
ಹಜಾರದಲ್ಲಿ ಲುಬೊಮಿರ್
ಪದಬಂಧದಿಂದ ತಲೆಯೆತ್ತಲಿಲ್ಲ.
ಮೂವತ್ತೊಂದು ವರ್ಷದಿಂದ ಹೀಗೇ ಇರಬೇಕು.

ಒಡೆಸುವ ಆಸೆ ಮಾತ್ರ ಅವಳದೇ.
ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ಹನ್ನೆರಡು ಬಗೆ ಬೇಯಿಸಿ
ಒಂದೊಂದೇ ತಟ್ಟೆ ಹೊತ್ತು ಹೊರಗೆ ಬಂದರೆ
ಆಗಷ್ಟೇ ಎಲ್ಲರೂ ನಕ್ಕು ಮುಗಿಸಿರುತ್ತಿದ್ದರಂತೆ.
"ಏನಂತೆ?" ಅಂದರೆ,
"ಏನಿಲ್ಲ, ಉಪ್ಪು ಕೊಡು."

ಗೋಡೆಗೂ ಕಿವಿಯಿದೆ ಎಂದು ಹೆದರುತ್ತಿದ್ದ ಕಾಲದ ಗೋಡೆ.
ನನಗೆ ಕಿವಿ ಸಿಗಲಿಲ್ಲ. ಹೊಟ್ಟೆಯಿತ್ತು.
ಸುತ್ತಿಗೆ ಬಿದ್ದಾಗ ಕಕ್ಕಿದ್ದು
ಜಿಪ್ಸಂ ಪುಡಿ, ತುಕ್ಕು ತಂತಿ,
ಯಾವನೋ ಕುಡಿದು ತುರುಕಿದ ಬಾಟಲಿಯ ಬಿರಡೆ,
ಒಣಗಿದ ಸಬ್ಬಸಿಗೆಯ ವಾಸನೆ.

ತಿಮೊನ್ ಚೀಲ ತುಂಬಿದ. ನಲವತ್ತಮೂರು.
ಲಿಫ್ಟು ಮೂರನೆಯ ಮಹಡಿಯಲ್ಲಿ ಮುಷ್ಕರ ಹೂಡಿತು.
ಒದ್ದೆ ಬೆಡ್‌ಶೀಟು ಕಟ್ಟಿದ್ದರೂ
ಧೂಳು ಸಕ್ಕರೆ ಡಬ್ಬಿಗಿಳಿಯಿತು;
ಅದೇ ಸಕ್ಕರೆಯ ಚಹಾ ಕುಡಿದೆವು, ನಾಲ್ವರೂ.

ಬುಧವಾರ, ಮೂರು ಗಂಟೆ ಹತ್ತು ನಿಮಿಷ.
ಫೆಬ್ರವರಿಯ ಬಿಸಿಲು, ನೀರು ಮಜ್ಜಿಗೆಯಂಥದು,
ಬಾಲ್ಕನಿಯಿಂದ ಸೋಫಾ ಹತ್ತಿ ಇಳಿದು
ಗೋಡೆಯಿದ್ದ ಗೆರೆ ದಾಟಿ
ಒಲೆಯ ಬುಡಕ್ಕೆ ಬಂತು.
ಬೊಗ್ನಾ ಮಂಡಿಯೂರಿ ಸೆರಗಿಲ್ಲದ ಕೈಯಲ್ಲೇ ಉಜ್ಜಿದಳು.
"ಹಸಿರು! ಈ ಟೈಲ್ಸು ಹಸಿರು ಕಣಯ್ಯಾ.
ಬೂದಿ ಬಣ್ಣ ಅಂದುಕೊಂಡು
ಬಟ್ಟಲು, ಡಬ್ಬಿ, ಕೈವಸ್ತ್ರ
ಎಲ್ಲ ಬೂದಿಯದೇ ಹುಡುಕಿ ತಂದೆ."

ಸಂಜೆ ಸಾಮಾನು ಕಟ್ಟುತ್ತಿದ್ದೆ.
ಬೀಟ್‌ರೂಟ್ ಸಾರು ಉಕ್ಕಿತು.
ಅವಳು ಬಾಯಿ ತೆರೆದಳು,
ತೆರೆದವಳು ಹಾಗೇ ನಿಂತಳು.
ಎರಡೇ ಮಾರು ದೂರ: ಸೋಫಾ, ಪದಬಂಧ, ಗಂಡ.
ನಡುವೆ ಏನೂ ಇಲ್ಲ.

ಹದಿನಾಲ್ಕು ವರ್ಷ ಗಿರಣಿಯಲ್ಲಿ ನೇಯ್ದವಳು.
ನೂರು ಮಗ್ಗ ಒಟ್ಟಿಗೆ ಬಡಿಯುವಾಗ
ಕಿರುಚಿದರೂ ಪಕ್ಕದವಳಿಗೆ ಕೇಳದು;
ತುಟಿಯಲ್ಲೇ ಆಡಬೇಕು, ತುಟಿಯಲ್ಲೇ ಓದಬೇಕು.

ಈಗ ಅವಳ ತುಟಿ ಆಡಿತು. ಸದ್ದಿಲ್ಲ.
ಉದ್ದದ ವಾಕ್ಯ;
ಒಂದೆರಡು ಕಡೆ ಹಲ್ಲು ಕಾಣಿಸಿತು.

ಲುಬೊಮಿರ್
(ಅದೇ ಗಿರಣಿಯಲ್ಲಿ ಎಣ್ಣೆಡಬ್ಬಿ ಹಿಡಿದು
ಕೆಟ್ಟಿರದ ಮಗ್ಗವನ್ನೂ ರಿಪೇರಿ ಮಾಡಲು ಬರುತ್ತಿದ್ದವನು)
ಪೆನ್ಸಿಲು ಕೆಳಗಿಟ್ಟ.
ಅವನ ತುಟಿಯೂ ಆಡಿತು.

ಅವಳು ಸೌಟು ಎತ್ತಿದಳು.
ಕಿವಿ ಕೆಂಪಾಗಿತ್ತು, ಸಾರಿನ ಹಬೆಗೋ ಏನೋ.

ಮೆಟ್ಟಿಲಲ್ಲಿ ತಿಮೊನ್ ಕೇಳಿದ, "ಜಗಳವಾ?"
ನನಗೆ ಆ ಭಾಷೆ ಬರದು.
ಕೊನೆಯ ಚೀಲ ಯಾಕೋ ಭಾರವಿತ್ತು,
ಆಚೆ ತುದಿ ಅವನು, ಈಚೆ ತುದಿ ನಾನು,
ಹಿಡಿದುಕೊಂಡು ಇಳಿದೆವು.