ಬಾಗಿಲು ಮತ್ತು ಒಂಟೆ

ಜೆರ್ಬಾ ದ್ವೀಪದ ಹಾರಾ ಕೇರಿಯಲ್ಲಿ
ಲಿಪಿಕಾರ ಖಮೂಸ್, ನನ್ನಪ್ಪ,
ಜೊಂಡಿನ ಲೆಕ್ಕಣಿಕೆ ಮಸಿಗದ್ದಿ
ಎರಡೇ ಅಕ್ಷರ ಬರೆದು ತೋರಿಸಿದ:
ದಾಲೆತ್. ಗಿಮೆಲ್.
ಒಂದು ಬಾಗಿಲು, ಒಂದು ಒಂಟೆ.
ಓದು, ಅಂದ.
ದಾಗ್, ಅಂದೆ. ಮೀನು.

ನಗು ಬಂತು ನನಗೆ.
ಬಾಗಿಲಲ್ಲಿ ಒಂಟೆ ನಿಂತರೆ ಮೀನು ಹೇಗಾದೀತು?
ಹನಿ ನೀರಿಲ್ಲವಲ್ಲ ಆ ಪದದಲ್ಲಿ.
ಮರಳಿನವರು ಕಟ್ಟಿದ ಮಾತು ಮಗಳೇ,
ಅವರ ಕೈಲಿ ಇದ್ದದ್ದು ಅಷ್ಟೇ.

ಆದಾಮ ಹೆಸರಿಟ್ಟದ್ದು
ದನಕ್ಕೆ, ಹಕ್ಕಿಗೆ, ಕಾಡಿನ ಮೃಗಕ್ಕೆ.
ಮೀನು ಮಾತ್ರ ಸಾಲಿಗೆ ಬಂದು ನಿಲ್ಲಲಿಲ್ಲ.
ಅದಕ್ಕೇ ಇರಬೇಕು, ಇಡೀ ಗ್ರಂಥದಲ್ಲಿ
ಬಂಗುಡೆಯಿಲ್ಲ, ಭೂತಾಯಿಯಿಲ್ಲ,
ಎಲ್ಲಕ್ಕೂ ಸೇರಿ ಒಂದೇ ದಾಗ್.
ಯೋನನನ್ನು ನುಂಗಿದ್ದೂ ಅದೇ,
ಒಂದು ಸಾಲಿನಲ್ಲಿ ಗಂಡು, ಮುಂದಿನದರಲ್ಲಿ ಹೆಣ್ಣು.
ಮೂರು ದಿನ ಹೊಟ್ಟೆಯಲ್ಲಿ ಹೊತ್ತ ಮೇಲೆ
ಇನ್ನೆಲ್ಲಿಯ ಗಂಡು, ಅನ್ನುವಳು ಅಮ್ಮ.

ಶುಕ್ರವಾರ ಹೂಮ್ತ್ ಸೂಕಿನ ಹರಾಜು.
ಎತ್ತರದ ಕುರ್ಚಿಯಲ್ಲಿ ಕೂತವನು
ದಾರಕ್ಕೆ ಪೋಣಿಸಿದ ಮೀನು ಎತ್ತಿ ಕೂಗುವಾಗ
ಅಪ್ಪ ಮೀನಮೇಷ ಎಣಿಸುತ್ತ ನಿಂತು
ಕೊನೆಗೆ ಬಾಲ ಮುರಿದದ್ದೊಂದು ತರುತ್ತಿದ್ದ.

ನನಗಿಂತ ಮೊದಲು ಮೂವರು.
ಮೂವರೂ ತೊಟ್ಟಿಲು ದಾಟಲಿಲ್ಲ.
ನನ್ನನ್ನು ಹ್ವೀತಾ ಎಂದು ಕರೆದರು,
ನಮ್ಮ ಮನೆಮಾತಿನಲ್ಲಿ ಪುಟ್ಟ ಮೀನು.
ನೀರೊಳಗಿನದಕ್ಕೆ ದೃಷ್ಟಿ ತಾಗದಂತೆ.
ಮುದಿ ಯಾಕೋಬ ಮೊಮ್ಮಕ್ಕಳ ನೆತ್ತಿಗೆ ಕೈಯಿಟ್ಟು
ಹರಸಿದ್ದೂ ಅದನ್ನೇ ಅಲ್ಲವೇ:
ಮೀನಿನಂತೆ ಹೆಚ್ಚಲಿ.

ಒಂದು ಚಳಿಗಾಲ ನೆಹೆಮೀಯನ ಪುಟ ನಕಲಿಸುತ್ತಿದ್ದ.
ಅಪ್ಪಾ, ತಪ್ಪಾಗಿದೆ, ಅಂದೆ.
ತೂರಿನವರು ಯೆರೂಸಲೇಮಿಗೆ ಮೀನು ಹೊತ್ತು ತಂದ ಕಡೆ
ಬಾಗಿಲಿಗೂ ಒಂಟೆಗೂ ನಡುವೆ
ಒಂದು ಆಲೆಫ್ ಬಂದು ನಿಂತಿತ್ತು,
ದನಿಯೇ ಇಲ್ಲದ ಅಕ್ಷರ,
ಮೂಕ ಎತ್ತು.
ಹಾಗೆ ಬರೆದರೆ ಅದು ಮೀನೂ ಹೌದೇ?
ಅದು ಚಿಂತೆ. ಕಳವಳ.
ಕೆರೆಯುವ ಚೂರಿ ಚಾಚಿದೆ.

ಅಪ್ಪ ತೆಗೆದುಕೊಳ್ಳಲಿಲ್ಲ.
ಮೂಲದಲ್ಲೇ ಹಾಗಿದೆ, ಅಂದ.

ಒಳಗೆ ಅಮ್ಮ ಮೀನಿನ ಹೊಟ್ಟೆ ಸೀಳುತ್ತಿದ್ದಳು,
ಮೊಟ್ಟೆಯ ಗೊಂಚಲು ಬೇರೆ ತೆಗೆದಿಟ್ಟು.
ಆ ವಾರವೆಲ್ಲ ನನಗೆ ಕೆಮ್ಮು.
ಅಪ್ಪ ಒಮ್ಮೆ ಅತ್ತ ನೋಡಿದ, ಒಮ್ಮೆ ನನ್ನನ್ನು.
ಆಮೇಲೆ ಬಗ್ಗಿ
ಆ ಆಲೆಫಿನ ಮೇಲೆ
ಮಸಿ ಒಣಗುವ ತನಕ
ಮೆಲ್ಲಗೆ ಊದಿದ.